ಚಂದ್ರನ ಚಕ್ಕುಬಂದಿ

ಶಿವಗಣಾರಾಧನೆಯ ಕಾರ್ಡು ಅಂಚೆಯಲ್ಲಿ ಬಂತು. ಅದರ ಕೆಳತುದಿಯಲ್ಲಿ ಮನೆಗೆ ದಾರಿ ಹೀಗೆ ಅಚ್ಚಾಗಿತ್ತು: ‘ಶಿಕಾರಿಪುರ ಬಸ್ ನಿಲ್ದಾಣದ ಬಾಗಿಲಿನಿಂದ ಪೂರ್ವಕ್ಕೆ ನಾನೂರ ಹತ್ತು ಹೆಜ್ಜೆ, ಅಲ್ಲಿ ಬೇವಿನ ಮರ, ಮರದಿಂದ ಎಡಕ್ಕೆ ಅರವತ್ತೆರಡು ಹೆಜ್ಜೆ.’ ಹೆಸರು ಓದುವ ಮೊದಲೇ ಯಾರು ಹೋದರು ಅನ್ನುವುದು ನನಗೆ ಗೊತ್ತಾಯಿತು. ತಮ್ಮ ಆರಾಧನೆಯ ಕಾರ್ಡನ್ನು ತಾವೇ ಬರೆದಿಟ್ಟು, ದಾರಿಯನ್ನೂ ತಾವೇ ಅಳೆದಿಟ್ಟು ಹೋಗುವ ಮನುಷ್ಯ ನಾನು ಕಂಡಂತೆ ಅವರೊಬ್ಬರೇ.

ಐವತ್ತರ ದಶಕದ ಕೊನೆಯಲ್ಲಿ ಅವರು ಸೊರಬದಲ್ಲಿ ಸರ್ವೇಯರ್ ಆಗಿದ್ದರು. ನಾನು ಅದೇ ಕಚೇರಿಗೆ ಆಗತಾನೇ ಸೇರಿದ್ದ ಗುಮಾಸ್ತ, ಇಪ್ಪತ್ತೆರಡು ವರ್ಷದವನು. ಕಚೇರಿ ಯಾವುದೆಂದು ಬಿಡಿಸಿ ಹೇಳುವುದಿಲ್ಲ. ಅಲ್ಲಿದ್ದವರೆಲ್ಲ ಒಳ್ಳೆಯವರು, ಈ ಕಥೆಯಲ್ಲಿ ತಪ್ಪು ಮಾಡಿದವನು ನಾನೊಬ್ಬನೇ. ಅವರ ಸಂಸಾರ ಶಿಕಾರಿಪುರದಲ್ಲಿತ್ತು. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಗೆರೆಗಳ ನಡುವಿನ ಅಂತರ ದಿನವೂ ಒಂದೇ ಇರುತ್ತಿತ್ತು, ನಾನು ಬೇಕೆಂದೇ ಗಮನಿಸಿದ್ದೇನೆ. ಹೋಟೆಲಿನಲ್ಲಿ ದೋಸೆ ಬಂದರೆ ಮೊದಲು ಅದರ ಮೇಲೆ ಗೇಣು ಹಾಕುತ್ತಿದ್ದರು. “ಹೋದ ವಾರಕ್ಕಿಂತ ಎರಡು ಬೆರಳು ಒತ್ತುವರಿ ಆಗೈತ್ರೀ” ಎಂದು ಗಲ್ಲಾದ ಮೇಲಿದ್ದವನಿಗೆ ಶಾಂತವಾಗಿ ತಿಳಿಸಿ, ಆಮೇಲೆ ತಿನ್ನುತ್ತಿದ್ದರು. ಆ ಹೋಟೆಲಿನವನು ಅವರ ದೋಸೆಯನ್ನು ಮಾತ್ರ ಬೇರೆ ಸೌಟಿನಲ್ಲಿ ಹೊಯ್ಯುತ್ತಿದ್ದ ಎಂದು ಜವಾನ ಹೇಳುತ್ತಿದ್ದ.

ಇಂಥವರು ಕಾದಂಬರಿ ಬರೆಯುತ್ತಿದ್ದಾರೆ ಎಂದು ತಿಳಿದಾಗ ನಾನು ನಂಬಲಿಲ್ಲ. ಅದೂ ಚಂದ್ರಲೋಕದ ಕಾದಂಬರಿ, ಅದೂ ಹೈಸ್ಕೂಲು ಓದುವ ಮಕ್ಕಳಿಗೆ.

ಅದು ಶುರುವಾದದ್ದು ಅವರ ಮಗಳಿಂದ. ಒಬ್ಬಳೇ ಮಗಳು, ಲೆಕ್ಕದಲ್ಲಿ ಬಹಳ ಚುರುಕು. ಹನ್ನೆರಡನೆಯ ವಯಸ್ಸಿಗೆ ಶಾಲೆಯ ಬೀರುವಿನಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ ಅಪ್ಪನ ಹತ್ತಿರ ದೂರು ತಂದಳಂತೆ. ಎಲ್ಲ ಕಥೆಯಲ್ಲೂ ರಾಜಕುಮಾರ ಇದ್ದಾನೆ, ಇಲ್ಲವೇ ಹುಲಿ ಇದೆ, ಲೆಕ್ಕ ಬರುವ ಹುಡುಗಿ ಮಾತ್ರ ಒಂದರಲ್ಲೂ ಇಲ್ಲ ಎನ್ನುವುದು ದೂರು. ದೂರು ಬಂದ ಮೇಲೆ ಸ್ಥಳ ಪರಿಶೀಲನೆ ಆಗಬೇಕಲ್ಲ. ಅಪ್ಪ ಬೀರುವನ್ನು ತಾವೇ ನೋಡಿ ಬಂದು, ದೂರು ನಿಜವೆಂದು ಒಪ್ಪಿ, ರದ್ದಾದ ಫಾರಮ್ಮುಗಳ ಹಿಂಬದಿಯಲ್ಲಿ ಬರೆಯಲು ಕೂತರು.

ಕಥೆ ಇಷ್ಟು. ಶಿಕಾರಿಪುರದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ರಾಕೆಟ್ಟಿನಲ್ಲಿ ಚಂದ್ರನಿಗೆ ಹೋಗುತ್ತಾಳೆ. ಯುದ್ಧಕ್ಕಲ್ಲ, ನಿಧಿಗಲ್ಲ, ಅಳತೆಗೆ. ಜೊತೆಯಲ್ಲಿ ಮೂವತ್ಮೂರು ಅಡಿಯ ಸರಪಳಿ, ಬಾವುಟದ ಕೋಲು, ಗಡಿಗೆ ನೆಡಲು ಕಲ್ಲು. ಚಂದ್ರನ ಮೇಲೆ ಭಾರ ಆರರಲ್ಲಿ ಒಂದು ಪಾಲು ಮಾತ್ರ ಇರುವುದರಿಂದ ಸರಪಳಿ ಜೋತು ಬೀಳುವುದಿಲ್ಲ, ಅಳತೆ ಭೂಮಿಗಿಂತ ಚೊಕ್ಕವಾಗಿ ಬರುತ್ತದೆ ಎಂದು ಎರಡು ಪುಟ ಬರೆದಿದ್ದರು. ಇಡೀ ಕಾದಂಬರಿಯಲ್ಲಿ ಅವರು ಭಾವುಕರಾಗಿದ್ದು ಆ ಎರಡು ಪುಟದಲ್ಲೇ. ಪ್ರತಿ ಭಾನುವಾರ ಮಗಳು ಒಂದು ಅಧ್ಯಾಯ ಓದಿ, ಕೆಂಪು ಪೆನ್ಸಿಲಿನಲ್ಲಿ ತಪ್ಪು ಹಾಕಿ ವಾಪಸ್ಸು ಕೊಡುತ್ತಿದ್ದಳು.

ವಾರದ ದಿನಗಳಲ್ಲಿ ಕೇಳುಗರು ಬೇರೆ. ಅಳತೆಗೆ ಹೋದಾಗ ಎರಡೂ ಕಡೆಯವರು ಸೇರುವ ತನಕ ಮರದಡಿ ಕಾಯಬೇಕು. ಆಗ ಚೀಲದಿಂದ ಕಾಗದ ಹೊರಬರುತ್ತಿತ್ತು. ಜಡೆಯಲ್ಲಿ ಒಂದು ಬದುವಿಗಾಗಿ ಆರು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಿಬ್ಬರು, ನೀರಿಲ್ಲದ ಜಾಗಕ್ಕೆ ಹೋದ ಈ ಹುಡುಗಿ ಗದ್ದೆ ಮಾಡುವುದು ಹೇಗೆ ಎಂದು ಒಟ್ಟಾಗಿ ಸರ್ವೇಯರ ಮೇಲೆ ಬಿದ್ದದ್ದನ್ನು ನಾನೇ ನೋಡಿದೆ. ಅವತ್ತು ಬದುವಿನ ಕಲ್ಲು ನೆಟ್ಟಾಗ ಇಬ್ಬರೂ ಅದರ ಕಡೆ ತಿರುಗಿ ನೋಡಲಿಲ್ಲ, ಚಂದ್ರನ ನೀರಿನ ಬಗ್ಗೆ ಮಾತಾಡುತ್ತಾ ಮನೆಗೆ ಹೋದರು.

ಪ್ರಕಾಶಕರು ಅಷ್ಟು ಉದಾರಿಗಳಾಗಿರಲಿಲ್ಲ. ಒಬ್ಬರು ಹುಡುಗಿಯನ್ನು ಹುಡುಗ ಮಾಡಿ ಕಳಿಸಿ ಎಂದರು. ಇನ್ನೊಬ್ಬರು ಅಳತೆ ಜಾಸ್ತಿಯಾಯಿತು, ನೀತಿ ಕಡಿಮೆಯಾಯಿತು ಎಂದರು. ಮೂರನೆಯವರು ಹಸ್ತಪ್ರತಿಯ ಬದಲಿಗೆ ಯಾರದೋ ಉಪ್ಪಿನಕಾಯಿ ಪುಸ್ತಕದ ಹಸ್ತಪ್ರತಿಯನ್ನು ವಾಪಸ್ಸು ಕಳಿಸಿದರು. ಇವರು ಅದನ್ನು ಪೂರ್ತಿ ಓದಿ, ಅಳತೆಗಳು ಸರಿಯಾಗಿವೆ ಎಂದು ಷರಾ ಬರೆದು, ತಮ್ಮದನ್ನು ಕಳಿಸಿಕೊಡುವಂತೆ ವಿನಂತಿಸಿದರು. ಹೀಗೆ ನಾಲ್ಕು ವರ್ಷ ಕಳೆಯಿತು. ಮಗಳು ಹದಿನಾರು ಮುಟ್ಟಿ ಎಸ್ಸೆಸ್ಸೆಲ್ಸಿಗೆ ಬಂದಳು, ಕಾದಂಬರಿಯ ಹುಡುಗಿ ಮಾತ್ರ ಹದಿನಾಲ್ಕರಲ್ಲೇ ಉಳಿದಳು. ಅಷ್ಟರಲ್ಲಿ ಸರ್ವೇಯರ ಅಣ್ಣ ಅವಳಿಗೆ ರಾಣೆಬೆನ್ನೂರಿನ ಕಡೆ ಒಂದು ಗಂಡು ನೋಡಿ ಮಾತಾಡಿದ್ದರು. ಪರೀಕ್ಷೆ ಮುಗಿದ ಕೂಡಲೇ ಮದುವೆ. ಅದಕ್ಕೆ ಮುಂಚೆ, ಅವಳು ಇನ್ನೂ ಶಾಲೆಗೆ ಹೋಗುವ ಹುಡುಗಿಯಾಗಿರುವಾಗಲೇ, ಅಚ್ಚಾದ ಪುಸ್ತಕವನ್ನು ಅವಳ ಕೈಗೆ ಕೊಡಬೇಕು ಎನ್ನುವುದು ಇವರ ಒಂದೇ ಹಠ. ಬೇರೆ ಯಾವುದಕ್ಕೂ ಹಠ ಮಾಡಿದ್ದನ್ನು ನಾನು ನೋಡಿಲ್ಲ.

ಆಗ ರಷ್ಯಾದವರು ಆಕಾಶಕ್ಕೆ ಉಪಗ್ರಹ ಹಾರಿಸಿದರು, ಹಿಂದೆಯೇ ಒಂದು ನಾಯಿಯನ್ನೂ ಕಳಿಸಿದರು. ದಾವಣಗೆರೆಯ ಮುದ್ರಕರೊಬ್ಬರಿಂದ ಕಾರ್ಡು ಬಂತು: ಚಂದ್ರಲೋಕದ ಕಾದಂಬರಿ ತಮ್ಮಲ್ಲಿದೆಯೆಂದು ಕೇಳಿದ್ದೇವೆ, ಕೂಡಲೇ ಅಚ್ಚು ಮಾಡುತ್ತೇವೆ, ಆದರೆ ತಾವು ಸರಕಾರಿ ನೌಕರರಾದ್ದರಿಂದ ಮೇಲಧಿಕಾರಿಗಳ ಅನುಮತಿ ಪತ್ರ ಬೇಕು. ನಾಲ್ಕು ವರ್ಷ ಕಾದವರು ನಾಲ್ಕು ನಿಮಿಷದಲ್ಲಿ ಅರ್ಜಿ ಬರೆದರು. ಜೊತೆಗೆ ಹಸ್ತಪ್ರತಿ. ಹಸ್ತಪ್ರತಿಯ ಮೇಲುಗಡೆ, ಕಾದಂಬರಿಗೆಂದೇ ಬರೆದಿದ್ದ ಚಂದ್ರನ ನಕಾಶೆ.

ಆ ನಕಾಶೆ ನನ್ನನ್ನು ಹಾಳು ಮಾಡಿತು. ಹೊಸದಾಗಿ ಸೇರಿದಾಗ ಹಿರಿಯ ಗುಮಾಸ್ತರು ನನಗೆ ಒಂದೇ ಪಾಠ ಹೇಳಿಕೊಟ್ಟಿದ್ದರು. ಅರ್ಜಿಯ ಜೊತೆ ನಕಾಶೆ ಇದ್ದರೆ ಅದು ಜಮೀನು ಮಂಜೂರಾತಿ, ಮೊದಲು ಪ್ರಕಟಣೆ ಹೊರಡಿಸು, ಆಮೇಲೆ ಓದು. ಅವತ್ತು ಮೇಜಿನ ಮೇಲೆ ನಲವತ್ತು ಅರ್ಜಿ ಇದ್ದವು. ನಾನು ನಕಾಶೆ ನೋಡಿ ಅಚ್ಚಾದ ಫಾರಮ್ಮಿನ ಖಾಲಿ ಜಾಗಗಳನ್ನು ತುಂಬಿದೆ. ಗ್ರಾಮ, ನಕಾಶೆಯಲ್ಲಿ ಬರೆದಿದ್ದಂತೆ ಹೊಸೂರು. ಹೊಸೂರು ಎಂಬ ಊರು ಎಲ್ಲಿಲ್ಲ ಹೇಳಿ. ವಿಸ್ತೀರ್ಣ ನೂರ ಅರವತ್ತು ಎಕರೆ. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆ: ಪೂರ್ವಕ್ಕೆ ದೊಡ್ಡ ಕುಳಿ, ಪಶ್ಚಿಮಕ್ಕೆ ಬಯಲು, ಉತ್ತರಕ್ಕೆ ಬೆಟ್ಟ, ದಕ್ಷಿಣಕ್ಕೆ ಯಾರಿಗೂ ಸೇರದ ಜಾಗ. ತಕರಾರು ಇದ್ದವರು ಮೂವತ್ತು ದಿನದೊಳಗೆ ಹಾಜರಾಗತಕ್ಕದ್ದು. ಯಾವ ಹೊಸೂರು ಎಂದು ಗೊತ್ತಾಗದೆ ಜವಾನ ಅದನ್ನು ಜಡೆ, ಕುಬಟೂರು, ಚಂದ್ರಗುತ್ತಿ ಮೂರೂ ಕಡೆಯ ಚಾವಡಿ ಗೋಡೆಗೆ ಅಂಟಿಸಿ ಬಂದ.

ಆಮೇಲೆ ಅರ್ಜಿ ಓದಿದಾಗ ತಪ್ಪು ಗೊತ್ತಾಯಿತು. ಪ್ರಕಟಣೆಯ ನಕಲು ಹಿಡಿದುಕೊಂಡು ಸರ್ವೇಯರ ಮುಂದೆ ನಿಂತೆ. ಅವರು ಕನ್ನಡಕ ಹಾಕಿಕೊಂಡು ಮೊದಲಿನಿಂದ ಕೊನೆಯ ತನಕ ಓದಿದರು.

“ಚಕ್ಕುಬಂದಿ ಸರಿಯಾಗಿ ಬರದೀಯಲ್ಲ ತಮ್ಮಾ. ಅಕ್ಷರಾನೂ ಚಂದ ಅದಾವು” ಎಂದರು. ಆಮೇಲೆ ಕನ್ನಡಕ ತೆಗೆದು, ಪರೀಕ್ಷೆಗೆ ಎಷ್ಟು ವಾರ ಉಳಿದಿದೆ ಎಂದು ಬೆರಳು ಮಡಚಿ ಎಣಿಸಿದರು. ಬೈದಿದ್ದರೆ ಚೆನ್ನಾಗಿತ್ತು. ಆ ಎಣಿಕೆ ನೋಡಿ ನನಗೆ ಅಳು ಬಂತು.

ಹೊರಟ ಪ್ರಕಟಣೆಯನ್ನು ಹಿಂದಕ್ಕೆ ಪಡೆಯುವ ಹಾಗಿರಲಿಲ್ಲ. ಮೂವತ್ತು ದಿನ ಯಾರೂ ತಕರಾರು ಮಾಡದಿದ್ದರೆ ಕಡತ ತಾನಾಗಿ ಮುಂದೆ ಹೋಗುತ್ತಿತ್ತು. ಆದರೆ ಕುಬಟೂರಿನಲ್ಲಿ ಒಬ್ಬ ಅಜ್ಜ ಇದ್ದರು. ಚಾವಡಿಗೆ ಯಾವ ಪ್ರಕಟಣೆ ಬಂದರೂ ತಕರಾರು ಸಲ್ಲಿಸುವುದು ಅವರ ಅಭ್ಯಾಸ. ಇಪ್ಪತ್ತೊಂಬತ್ತನೆಯ ದಿನ ಬಸ್ಸಿಳಿದು ನನ್ನ ಮೇಜಿನ ಮುಂದೆ ಬಂದು ಕೂತು, ಈ ಹೊಸೂರು ಯಾವ ಕಡೆ ಬರುತ್ತದೆ ಎಂದು ಕೇಳಿದರು. ನಾನು ನಡೆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದೆ. ಜಾಗ ಚಂದ್ರನ ಮೇಲಿದೆ ಎಂದು ತಿಳಿದರೂ ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದು ಅವರಿಗೆ ಆಗಿಬರಲಿಲ್ಲ. ಒಂದು ಹಾಳೆ ಕೇಳಿ ಇಸಕೊಂಡು, ಅಲ್ಲೇ ಕೂತು ಬರೆದರು.

‘ಸದರಿ ಚಂದ್ರನು ಅನಾದಿ ಕಾಲದಿಂದ ಶಿವನ ಜಟೆಯಲ್ಲಿ ಸ್ವಾಧೀನಾನುಭವದಲ್ಲಿ ಇದ್ದು, ದೇವಸ್ಥಾನಕ್ಕೆ ಸೇರಿದ ಇನಾಮು ಆಗಿರುತ್ತದೆ. ಸರ್ವೇಯರು ವಿಭೂತಿ ಧರಿಸುವವರಾಗಿದ್ದೂ ಶಿವನ ಆಸ್ತಿಗೆ ಕೈ ಹಾಕಿರುವುದು ಸರಿಯಲ್ಲ.’

ನಮ್ಮ ಕಚೇರಿಯ ಸಾಹೇಬರು ಓದಿ ನಗುತ್ತಾರೆ, ಹರಿದು ಹಾಕುತ್ತಾರೆ ಎಂದು ನಾವೆಲ್ಲ ಕಾದೆವು. ಅವರು ಕಾನೂನು ಬಿಟ್ಟು ಕದಲುವವರಲ್ಲ. ಎರಡು ಸಲ ಓದಿ, ಅರ್ಜಿ ಕ್ರಮಬದ್ಧವಾಗಿದೆ, ಪ್ರಕಟಣೆಯೂ ನಮ್ಮದೇ, ತಕರಾರು ಇತ್ಯರ್ಥವಾಗದೆ ಅನುಮತಿ ಕೊಡುವ ಹಾಗಿಲ್ಲ ಎಂದರು. ವಿಚಾರಣೆಗೆ ದಿನ ಗೊತ್ತಾಯಿತು.

ವಿಚಾರಣೆಯಲ್ಲಿ ಅಜ್ಜ ಒಂದು ನ್ಯಾಯವಾದ ಮಾತು ಹೇಳಿದರು. ಪುಸ್ತಕದಲ್ಲಿ ಏನಿದೆ ಎಂದು ತಿಳಿಯದೆ ತಕರಾರು ಮುಂದುವರಿಸುವುದೋ ಬಿಡುವುದೋ ಹೇಗೆ ಹೇಳುವುದು, ಓದಿಸಿ ಎಂದರು. ಸಾಹೇಬರು ಒಪ್ಪಿದರು. ಸರ್ವೇಯರು ಎದ್ದು ನಿಂತು ಸಾಕ್ಷಿ ಹೇಳುವವರ ಹಾಗೆ ಕೈಕಟ್ಟಿ ಮೊದಲ ಅಧ್ಯಾಯ ಓದತೊಡಗಿದರು. ಮೂರು ದಿನ ಓದಿದರು. ಎರಡನೆಯ ದಿನದಿಂದ ಬೇರೆ ಕೇಸಿಗೆ ಬಂದವರೂ ತಮ್ಮ ಕೇಸು ಕರೆದರೆ ಕೇಳಿಸಿಕೊಳ್ಳದೆ ಕೂತಿರುತ್ತಿದ್ದರು. ಅಜ್ಜ ಎಲೆಅಡಿಕೆ ಹಾಕಿಕೊಂಡು ಕಣ್ಣುಮುಚ್ಚಿ ಕೇಳುತ್ತಿದ್ದರು. ರಾಕೆಟ್ಟು ಹೊರಟಾಗ ಮಾತ್ರ ಕಣ್ಣು ತೆರೆದು ಬೆಂಚನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಕೊನೆಯ ಅಧ್ಯಾಯದಲ್ಲಿ ರಾಕೆಟ್ಟು ವಾಪಸ್ಸು ಹೊರಡುವ ಹೊತ್ತಾಗುತ್ತದೆ. ಅಳತೆ ಮುಗಿದಿಲ್ಲ. ಹುಡುಗಿ ನಾನು ಇರುತ್ತೇನೆ ಎನ್ನುತ್ತಾಳೆ. ರಾಕೆಟ್ಟು ಅವಳಿಲ್ಲದೆ ಬರುತ್ತದೆ. ಹುಣ್ಣಿಮೆಯ ದಿನ ಅವಳ ಅಪ್ಪ ಶಿಕಾರಿಪುರದ ಮನೆಯ ಮುಂದೆ ನಿಂತು ಮೇಲೆ ನೋಡುತ್ತಾನೆ. ಅಷ್ಟೇ.

ಅಜ್ಜ ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬಂದರು.

“ಹುಡುಗಿ ಊರಿಗೆ ಬರ್ಬೇಕು ಮಾರಾಯ್ರೆ. ಅಲ್ಲಿ ಒಬ್ಳೇ ಎಂಥ ಮಾಡ್ತಾಳೆ? ಅವಳು ಬಂದ್ಲು ಅಂತ ಬರೀರಿ, ನಾನು ತಕರಾರು ವಾಪಸ್ ತಗಳ್ತೀನಿ.”

ಹಾಗಾದರೆ ದೇವಸ್ಥಾನದ ಇನಾಮಿನ ಗತಿ ಏನು ಎಂದು ಸಾಹೇಬರು ವಿಚಾರಿಸಿದರು. ಅದನ್ನು ಶಿವ ನೋಡಿಕೊಳ್ಳುತ್ತಾನೆ, ಹುಡುಗಿಯನ್ನು ನೋಡಿಕೊಳ್ಳುವವರು ಯಾರು ಎಂದರು ಅಜ್ಜ.

ಒಂದು ಸಾಲು ಬದಲಾಯಿಸಿದರೆ ಕಡತ ಅವತ್ತೇ ಮುಂದೆ ಹೋಗುತ್ತಿತ್ತು. ನಾನಾಗಿದ್ದರೆ ಅಲ್ಲೇ ಹುಡುಗಿಯನ್ನು ರಾಕೆಟ್ಟಿಗೆ ಹತ್ತಿಸಿಬಿಡುತ್ತಿದ್ದೆ. ಸರ್ವೇಯರು ಮಗಳನ್ನು ಕೇಳದೆ ಆಗುವುದಿಲ್ಲ ಎಂದು ಸೋಮವಾರದ ತನಕ ವಾಯಿದೆ ಕೇಳಿದರು.

ಸೋಮವಾರ ಬಸ್ಸಿಳಿದು ಬಂದವರು ನೇರ ಒಳಗೆ ಹೋಗದೆ ಜಗಲಿಯ ಮೇಲೆ ನನ್ನ ಪಕ್ಕ ಕೂತರು. ವಿಭೂತಿಯ ಗೆರೆಗಳು ಅವತ್ತು ಒಂದಕ್ಕೊಂದು ತಾಗಿದ್ದವು. ಮಗಳು ಏನೆಂದಳು ಎಂದು ಕೇಳಿದೆ.

“ಅಳತಿ ಮುಗೀದ ಹೆಂಗ ಬರ್ತಾಳಪ್ಪಾ ಅಂದ್ಲು. ಅರ್ಧಕ್ಕ ಕರಸ್ಕೊಳ್ಳೋದಾದ್ರ ಯಾಕ ಕಳಿಸಿದಿ ಅಂದ್ಲು.” ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದರು, “ಆಕಿ ಚಂದ್ರನ ಮ್ಯಾಲಿನ ಹುಡುಗಿ ಮಾತು ಹೇಳ್ಲಿಲ್ಲ ತಮ್ಮಾ. ತನ್ನ ಮಾತು ಹೇಳಿದ್ಲು. ನಾಲ್ಕು ವರ್ಷದಿಂದ ಬರಿಯಾಕತ್ತೀನಿ, ನನಗ ಗೊತ್ತಾಗಿರ್ಲಿಲ್ಲ.”

ಆಮೇಲೆ ಎದ್ದು ಒಳಗೆ ಹೋದರು. ಅಜ್ಜನಿಗೂ ಸಾಹೇಬರಿಗೂ ಕೇಳುವಂತೆ, ಹುಡುಗಿ ಖಂಡಿತ ಬರುತ್ತಾಳೆ, ಅಳತೆ ಮುಗಿದ ಕೂಡಲೇ ಬರುತ್ತಾಳೆ ಎಂದರು. ಎಷ್ಟು ದಿನ ಹಿಡಿಯಬಹುದು ಎಂದು ಅಜ್ಜ ಕೇಳಿದರು. ಅವರು ಹಾಳೆಯೊಂದನ್ನು ತೆಗೆದುಕೊಂಡು ಚಂದ್ರನ ವಿಸ್ತೀರ್ಣವನ್ನು ದಿನಕ್ಕೆ ಹತ್ತು ಎಕರೆಯಂತೆ ಭಾಗಿಸಿದರು. ಪಕ್ಕದಲ್ಲಿದ್ದ ನನಗೆ ಉತ್ತರ ಕಾಣುತ್ತಿತ್ತು. ವರ್ಷಗಳು ಲಕ್ಷದಲ್ಲಿದ್ದವು. ಅವರು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ಒಬ್ಬಳೇ ಆದ್ದರಿಂದ ಸ್ವಲ್ಪ ಸಮಯ ಹಿಡಿಯುತ್ತದೆ ಎಂದರು. ಅಜ್ಜ ತಲೆಯಾಡಿಸಿ ರಾಜಿಗೆ ರುಜು ಹಾಕಿದರು. ‘ಅಳತೆ ಮುಗಿದ ಕೂಡಲೇ ಸದರಿ ಹುಡುಗಿ ಊರಿಗೆ ಮರಳತಕ್ಕದ್ದು’ ಎಂಬ ವಾಕ್ಯವನ್ನು ನಾನೇ ಬರೆದೆ. ಅದನ್ನು ಕಾದಂಬರಿಯ ಕೊನೆಗೆ ಬೇರೆ ಹಾಳೆಯಲ್ಲಿ ಒಂದೇ ಸಾಲಾಗಿ ಅಚ್ಚು ಮಾಡತಕ್ಕದ್ದು ಎಂದು ಸಾಹೇಬರು ಆದೇಶ ಮಾಡಿದರು. ನನ್ನ ಒಂದು ವಾಕ್ಯ ಸಾಹಿತ್ಯಕ್ಕೆ ಸೇರಿದ್ದು ಹೀಗೆ.

ಅನುಮತಿ ಬಂತು. ಅದೇ ಶನಿವಾರ ಊರಿಗೆ ಹೋದವರು ಮನೆಯಲ್ಲಿ ಒಂದು ಸುದ್ದಿ ಹೇಳಿದರಂತೆ. ಪುಸ್ತಕ ಹೊರಬರುವ ತನಕ ಮನೆಯಲ್ಲಿ ಮದುವೆ ಮಾಡುವುದಿಲ್ಲವೆಂದು ಚಂದ್ರಗುತ್ತಿ ಅಮ್ಮನಿಗೆ ಹರಕೆ ಹೊತ್ತಿದ್ದೇನೆ, ಇಷ್ಟು ದಿನ ಹೇಳಲು ಮರೆತಿದ್ದೆ. ಯಾವ ವಾದಕ್ಕೂ ಬಗ್ಗದ ಅಣ್ಣ ಹರಕೆ ಅಂದ ಕೂಡಲೇ ಕೆನ್ನೆ ಮುಟ್ಟಿಕೊಂಡರು. ಹೆಂಡತಿ, ಇಂಥದ್ದನ್ನು ಮರೆಯುತ್ತಾರೆಯೇ ಎಂದು ಗದರಿದರು. ರಾಣೆಬೆನ್ನೂರಿಗೆ ಸ್ವಲ್ಪ ತಡವಾಗುತ್ತದೆ ಎಂದು ಕಾಗದ ಹೋಯಿತು. ಚಂದ್ರಗುತ್ತಿ ಗುಡ್ಡಕ್ಕೆ ಯಾವಾಗ ಹೋಗಿದ್ದಿರಿ ಎಂದು ನಾನು ಕೇಳಿದ್ದಕ್ಕೆ, ಹೋಗಿರಲಿಲ್ಲ, ಅಳತೆಗೆ ಹೋದಾಗ ದೂರದಿಂದ ಕಂಡಿತ್ತು ಎಂದರು.

ದಾವಣಗೆರೆಯವರು ತಿಂಗಳೊಳಗೆ ಕರಡು ಅಚ್ಚು ಕಳಿಸಿದರು. ಪುಸ್ತಕಕ್ಕಾಗಿ ನಾಲ್ಕು ವರ್ಷ ಒದ್ದಾಡಿದ ಮನುಷ್ಯ ಅದನ್ನು ಎರಡು ತಿಂಗಳು ಇಟ್ಟುಕೊಂಡು ತಿದ್ದಿ ಕಳಿಸಿದರು. ಎರಡನೆಯದು ಬಂತು, ಮೂರು ತಿಂಗಳು. ಮೂರನೆಯದರಲ್ಲಿ ಒಂದು ಬೆಟ್ಟದ ಎತ್ತರ ತಪ್ಪಾಗಿದೆ ಎಂದು ಮತ್ತೆ ಲೆಕ್ಕ ಹಾಕಲು ಕೂತರು. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ ಶಿವಮೊಗ್ಗಕ್ಕೆ ಹೋಗಿ ಕಾಲೇಜು ಸೇರಿದಳು. ಪುಸ್ತಕ ಬರುವ ತನಕ ಸುಮ್ಮನೆ ಮನೆಯಲ್ಲಿ ಕೂತು ಏನು ಮಾಡುತ್ತಾಳೆ ಎಂದು ಅವರ ಅಣ್ಣನೇ ಕಳಿಸಿದರಂತೆ. ರಾಣೆಬೆನ್ನೂರಿನ ಗಂಡು ಬೇಸತ್ತು ಬೇರೆ ಕಡೆ ಮದುವೆಯಾದ. ಚಂದ್ರನಿಗೆ ಹೋಗಿ ಬರುವುದಾದರೂ ಇದಕ್ಕಿಂತ ಬೇಗ ಆಗುತ್ತದೆ ಸ್ವಾಮಿ ಎಂದು ಮುದ್ರಕರು ಬರೆದರು.

ಏಳನೆಯ ಕರಡನ್ನು ಅಂಚೆಗೆ ಹಾಕುವಾಗ ನಾನು ಕದ್ದು ನೋಡಿದೆ. ಆರನೆಯದರಲ್ಲಿ ತೆಗೆದಿದ್ದ ಅಲ್ಪವಿರಾಮವೊಂದನ್ನು ಏಳನೆಯದರಲ್ಲಿ ವಾಪಸ್ಸು ಹಾಕಿದ್ದರು. ಬೇರೆ ಯಾವ ತಿದ್ದುಪಡಿಯೂ ಇರಲಿಲ್ಲ. ನೇರವಾಗಿ ಕೇಳಿಯೇಬಿಟ್ಟೆ.

“ಆಕಿ ಪರೀಕ್ಷಿ ಏಪ್ರಿಲ್ಲಿಗೆ ಐತಿ” ಎಂದರು, ಅದೇ ಉತ್ತರ ಎನ್ನುವ ಹಾಗೆ.

ಅವಳು ಬಿ.ಎಸ್ಸಿ. ಸೇರಿ, ವಿದ್ಯಾರ್ಥಿವೇತನ ಸಿಕ್ಕಿ, ಇನ್ನು ಯಾರು ಕರೆದರೂ ಅರ್ಧಕ್ಕೆ ಬರುವುದಿಲ್ಲ ಎನ್ನುವುದು ಗಟ್ಟಿಯಾದ ಮೇಲೆ ಎಂಟನೆಯ ಕರಡಿಗೆ ಒಪ್ಪಿಗೆ ಹೋಯಿತು. ಪುಸ್ತಕ ಬಂದ ದಿನ ಕುಬಟೂರಿನ ಅಜ್ಜ ಕಚೇರಿಗೆ ಬಂದು, ಮೊದಲು ಕೊನೆಯ ಪುಟ ತೆಗೆಸಿ ಓದಿಸಿದರು. ಸಾಲು ಇದ್ದಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಪ್ರತಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದರು. ಹೈಸ್ಕೂಲು ಹುಡುಗರು ಓದಿದರೋ ಇಲ್ಲವೋ ಗೊತ್ತಿಲ್ಲ. ಕೆಲವು ಪ್ರತಿ ಶಾಲೆಗಳಿಗೆ ಹೋದವು, ಉಳಿದವನ್ನು ಗೆದ್ದಲು ಓದಿತು. ನನ್ನದನ್ನೂ ಬಿಡಲಿಲ್ಲ.

ಆರಾಧನೆಯ ದಿನ ಬಸ್ಸಿಳಿದು ಹೆಜ್ಜೆ ಎಣಿಸುತ್ತಾ ಹೋದೆ. ಬೇವಿನ ಮರ ನಾನೂರ ಹತ್ತಕ್ಕೆ ಬರಲಿಲ್ಲ, ಐನೂರ ಮೂವತ್ತಕ್ಕೆ ಬಂತು. ಅಳತೆಯಲ್ಲಿ ತಪ್ಪಿರಲಿಕ್ಕಿಲ್ಲ, ನನ್ನ ಹೆಜ್ಜೆಗೂ ವಯಸ್ಸಾಗಿದೆ.

ಮಗಳು ಗಣಿತದ ಪ್ರಾಧ್ಯಾಪಕಿಯಾಗಿ ನಿವೃತ್ತಳಾಗಿದ್ದಾಳೆ. ತಲೆಯೆಲ್ಲ ಬೆಳ್ಳಗಾಗಿದೆ. ಕೆಲಸ ಸಿಕ್ಕಿದ ಮೇಲೆ ತಾನೇ ನೋಡಿ ಮದುವೆಯಾದಳಂತೆ. ಊಟದ ನಂತರ ಒಳಗಿನಿಂದ ಆ ಪುಸ್ತಕ ತಂದು ನನ್ನ ಕೈಗೆ ಕೊಟ್ಟಳು. ಅಪ್ಪ ತನಗೆಂದು ಕೊಟ್ಟ ಪ್ರತಿ, ಬೇರೆ ಎಲ್ಲೂ ಸಿಗಲಿಲ್ಲ ಎಂದಳು. ತೆರೆದು ನೋಡಿದೆ. ಅಪ್ಪ ಮನೆಯ ಮುಂದೆ ನಿಂತು ಚಂದ್ರನನ್ನು ನೋಡುವಲ್ಲಿಗೆ ಪುಸ್ತಕ ಮುಗಿದಿತ್ತು. ಅದರ ಮುಂದಿನ ಹಾಳೆ ಇರಲಿಲ್ಲ.

“ಕೊನೇ ಹಾಳಿ ಪ್ರೆಸ್ಸಿನವರು ಹೊಲಿಯೋದು ಬಿಟ್ಟಾರ ಅಂತ ಅಪ್ಪ ಹೇಳಿದ್ರು. ನೀವು ಆ ಕಚೇರ್ಯಾಗ ಇದ್ರಿ. ಅದ್ರಾಗ ಏನಿತ್ತು ಅಂತ ನಿಮಗ ನೆನಪೈತೇನ್ರಿ?”

ಹೊಲಿಗೆಯ ಹತ್ತಿರ ಬೆರಳಾಡಿಸಿದೆ. ಹಾಳೆಯನ್ನು ಅಡಿಕೋಲು ಇಟ್ಟು, ಹರಿತವಾದ ಬ್ಲೇಡಿನಿಂದ, ಮೇಲಿನಿಂದ ಕೆಳಗಿನ ತನಕ ಒಂದು ಕೂದಲೆಳೆಯೂ ವಾಲದಂತೆ ಕತ್ತರಿಸಿ ತೆಗೆದಿದ್ದರು. ಯಾರ ಬೆದರಿಕೆಗೂ ಒಂದು ಕಲ್ಲನ್ನು ಆಚೀಚೆ ಸರಿಸದ ಮನುಷ್ಯ ಜೀವಮಾನದಲ್ಲಿ ತಿದ್ದಿದ ದಾಖಲೆ ಅದೊಂದೇ ಇರಬೇಕು.

“ಏನಿಲ್ಲಮ್ಮ, ಖಾಲಿ ಹಾಳೆ” ಎಂದೆ.